ಡಬ್ಬದ ಬುಡ

ನನ್ನ ಅಜ್ಜ ಕಾಗೋಡಿನ ಗಲಾಟೆಗೆ ಹೋಗಿ ಸಾಗರದ ಲಾಕಪ್ಪಿನಲ್ಲಿ ಮೂರು ರಾತ್ರಿ ಕಳೆದು ಬಂದದ್ದು 1951ರಲ್ಲಿ. ಈಗ ಅದನ್ನು ಎಲ್ಲರೂ ಸತ್ಯಾಗ್ರಹ ಅನ್ನುತ್ತಾರೆ. ಅಜ್ಜ ಮಾತ್ರ ಸಾಯುವವರೆಗೂ ಗಲಾಟೆ ಅಂತಲೇ ಹೇಳಿದ. ಗಣಪತಿಯಪ್ಪನವರು ರೈತ ಸಂಘ ಕಟ್ಟಿದ್ದು, ಲೋಹಿಯಾ ಬಂದು ಅರೆಸ್ಟಾಗಿದ್ದು, ಗೋಪಾಲಗೌಡರ ಭಾಷಣ, ಇವನ್ನೆಲ್ಲ ನಾನು ಆಮೇಲೆ ಪುಸ್ತಕದಲ್ಲಿ ಓದಿಕೊಂಡೆ. ಅಜ್ಜನ ಕತೆಯಲ್ಲಿ ಇರುತ್ತಿದ್ದದ್ದು ಒಂದು ಕೊಳಗ ಮಾತ್ರ. ಒಡೇರು ಗೇಣಿ ಬತ್ತ ಅಳೆದುಕೊಳ್ಳುವ ಕೊಳಗ. ಅದು ಎಲ್ಲ ಕೊಳಗಕ್ಕಿಂತ ದೊಡ್ಡದು. ಕಣದಲ್ಲಿ ಅಳೆಯುವಾಗ ಮೊದಲನೇ ಕೊಳಗಕ್ಕೆ ‘ಒಂದು’ ಅನ್ನುವ ಪದ್ಧತಿ ನಮ್ಮಲ್ಲಿಲ್ಲ, ‘ಲಾಭ’ ಅನ್ನಬೇಕು. “ಲಾಭ ಅಂತ ಕೂಗೋನು ಅವ್ರ ಕಡಿಯೋನು, ಬೆನ್ನ ಬಗ್ಸಿ ತುಂಬೋನು ನಾನು. ಯಾರ್ದು ಲಾಭ ಹೇಳು ಮಗಾ?” ಅಂತ ಅಜ್ಜ ಕೇಳುತ್ತಿದ್ದ. ನಾನು ಉತ್ತರ ಹೇಳುವ ಮೊದಲೇ ಎಲೆಯಡಿಕೆ ಉಗಿಯಲು ಎದ್ದು ಹೋಗುತ್ತಿದ್ದ.

ನಾವು ದೀವರು. 1974ರ ಭೂಸುಧಾರಣೆ ಕಾಯಿದೆ ಬಂದಾಗ ಏಳನೇ ನಂಬರ್ ಫಾರಂ ತುಂಬಿ, ಟ್ರಿಬ್ಯೂನಲ್ಲಿಗೆ ಅಲೆದು, ಗೇಣಿ ಮಾಡುತ್ತಿದ್ದ ಗದ್ದೆಯನ್ನು ನಮ್ಮದು ಮಾಡಿಕೊಂಡೆವು. 1975ರಲ್ಲಿ ಹಿಂದುಳಿದ ವರ್ಗದವರ ಮೀಸಲಾತಿಯ ಬಗ್ಗೆ ಹಾವನೂರರ ವರದಿ ಬಂತು. 1983ರಲ್ಲಿ ನನಗೆ ಮೇಷ್ಟ್ರ ಕೆಲಸ ಸಿಕ್ಕಿತು. ಸಿಕ್ಕಿದ್ದು ನನ್ನ ಬುದ್ಧಿಯಿಂದಲೇ ಅಂತ ಬಹಳ ವರ್ಷ ನಂಬಿಕೊಂಡಿದ್ದೆ. ಹೊಸನಗರ ತಾಲ್ಲೂಕಿನ ನಗರ ಹೋಬಳಿಗೆ ಹಾಕಿದರು. ಹೆಂಡತಿಯ ತವರೂ ಅದೇ ಕಡೆ, ಹೀಗಾಗಿ ಹೆಚ್ಚುಕಡಿಮೆ ಮನೆಯಳಿಯನೇ ಆಗಿ ಅಲ್ಲೇ ನಿಂತೆ. ಮಾವನದ್ದೂ ಅದೇ ಫಾರಂ ತುಂಬಿ, ಡಿಕ್ಲರೇಷನ್ನಿನಲ್ಲಿ ಬಂದ ಗದ್ದೆಯೇ. ಅಡಿಕೆಗೆ ರೇಟು ಬಂದ ಕಾಲದಲ್ಲಿ ಊರಿನವರೆಲ್ಲ ಮಾಡಿದ ಹಾಗೆ ನಾವೂ ಗದ್ದೆಗೆ ಮಣ್ಣು ಏರಿಸಿ ಅಡಿಕೆ ಸಸಿ ಇಟ್ಟೆವು.

ಏಳನೇ ನಂಬರ್ ಫಾರಂ ಯಾರು ತುಂಬಲಿಲ್ಲ ಅಂತ ನಾನು ಆಗ ಯೋಚಿಸಿದವನಲ್ಲ. ಉಳುವವನೇ ಹೊಲದೊಡೆಯ ಅಂದರು, ಸರಿ. ಆದರೆ ಗೇಣಿ ಚೀಟಿಯೂ ಇಲ್ಲದೆ, ಗೇಣಿಯೂ ಇಲ್ಲದೆ, ಬರೀ ಆಳಾಗಿ ದುಡಿದವರಿಗೆ ಆ ಫಾರಮ್ಮಿನಲ್ಲಿ ಕಾಲಮ್ಮೇ ಇರಲಿಲ್ಲ. ನಮ್ಮ ಕಡೆ ಅಂಥವರಲ್ಲಿ ಹಸಲರು ಮುಖ್ಯರು. ಹಳೇ ಮೈಸೂರು ಗೆಜೆಟಿಯರಿನಲ್ಲಿ ಮಲೆನಾಡಿನ ಆಳುಗಳನ್ನು ಹುಟ್ಟಾಳು, ಮಣ್ಣಾಳು ಅಂತ ಎರಡು ಬಗೆ ಮಾಡಿ ಬರೆದಿದ್ದಾರೆ. ಮನೆಯಲ್ಲೇ ಹುಟ್ಟಿ ಮನೆಗೇ ಸೇರಿದವನು ಹುಟ್ಟಾಳು. ಮಣ್ಣಿನ ಜೊತೆಗೇ ಮಾರಾಟವಾಗುವವನು ಮಣ್ಣಾಳು. ಮಣ್ಣು ಕೈ ಬದಲಾಯಿಸಿ ನಮ್ಮ ಕೈಗೆ ಬಂತು. ಆಳು ಆಳಾಗಿಯೇ ಉಳಿದ. ಕಾಯಿದೆಯ ಪುಸ್ತಕದಲ್ಲಿ ಹಸಲರು ಪರಿಶಿಷ್ಟ ಪಂಗಡ. ಮೀಸಲಾತಿಯೂ ಇದೆ, 2022ರಲ್ಲಿ ಮೂರರಿಂದ ಏಳು ಪರ್ಸೆಂಟಿಗೆ ಏರಿದ್ದೂ ಆಯಿತು. ಅದೇ ಪಟ್ಟಿಯಲ್ಲಿ ದೊಡ್ಡ ಸಮುದಾಯಗಳೂ ಇವೆ, ಗುಡ್ಡದ ಬುಡದಲ್ಲಿ ಏಳೆಂಟು ಮನೆ ಕಟ್ಟಿಕೊಂಡ ಇವರೂ ಇದ್ದಾರೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ ಎಪ್ಪತ್ತೈದು ದಾಟಿದ್ದರೆ ಪರಿಶಿಷ್ಟ ಪಂಗಡಗಳದ್ದು ಅರವತ್ತೆರಡರ ಹತ್ತಿರ ನಿಂತಿತ್ತು. ಆ ಅರವತ್ತೆರಡರಲ್ಲಿ ನಮ್ಮೂರ ಹಸಲರ ಕೇರಿ ಎಷ್ಟನೆಯದು ಅಂತ ಹೇಳುವುದಕ್ಕೆ ಜನಗಣತಿ ಬೇಕಾಗಿಲ್ಲ, ನನ್ನ ಹಾಜರಿ ಪುಸ್ತಕ ಸಾಕು.

ಆ ಪುಸ್ತಕದಲ್ಲಿ ಅವರ ಮಕ್ಕಳ ಸಾಲು ಜೂನ್, ಜುಲೈಯಲ್ಲಿ ಅರ್ಧ ಖಾಲಿ. ಹುಲಿಕಲ್ಲು, ಮಾಸ್ತಿಕಟ್ಟೆಯ ಮಳೆ ಗೊತ್ತಿದ್ದವರಿಗೆ ಕಾರಣ ಹೇಳಬೇಕಾಗಿಲ್ಲ. ಹಳ್ಳ ದಾಟಲು ಎರಡು ಅಡಿಕೆ ಮರ ಹಾಸಿದ ಸಂಕ, ಅದೂ ಆಷಾಢದಲ್ಲಿ ತೇಲಿಹೋಗುತ್ತದೆ. ದಸರಾ ರಜೆ ಮುಗಿದ ಮೇಲೆ ಸಂಕ್ರಾಂತಿಯವರೆಗೆ ಹೆಚ್ಚುಕಡಿಮೆ ಪೂರಾ ಖಾಲಿ. ಅಡಿಕೆ ಕೊಯ್ಲಲ್ಲವೇ? ಅಪ್ಪ ಕೊನೆ ಇಳಿಸುತ್ತಾನೆ, ಅವ್ವ ಸುಲಿಯುತ್ತಾಳೆ, ಮಕ್ಕಳು ಉದುರಿದ್ದು ಹೆಕ್ಕುತ್ತವೆ, ಕೈಕೂಸು ಹಿಡಿದುಕೊಳ್ಳುತ್ತವೆ. ಮತ್ತೆ ಶಾಲೆಗೆ ಬರುವ ಹೊತ್ತಿಗೆ ಪಾಠ ಎಲ್ಲಿಗೋ ಹೋಗಿರುತ್ತದೆ. ನಾವು ಮೇಷ್ಟ್ರುಗಳು ಕ್ಲಸ್ಟರ್ ಮೀಟಿಂಗಿನಲ್ಲಿ ಟೀ ಕುಡಿಯುತ್ತ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆವು: ಅವಕ್ಕೆ ವಿದ್ಯೆ ತಲೆಗೆ ಹತ್ತಲ್ಲ.

ಯಾರೂ ಸಿಟ್ಟಿನಿಂದ ಹೇಳುವ ಮಾತಲ್ಲ ಅದು. ಮಳೆ ಜಾಸ್ತಿ, ಕೊಳೆರೋಗ ಬಂತು ಅನ್ನುವ ಹಾಗೆ, ಯಾರ ತಪ್ಪೂ ಅಲ್ಲದ ದನಿಯಲ್ಲಿ ಹೇಳುತ್ತಿದ್ದೆವು. ಅವರ ಕೇರಿಯ ಮುದುಕ ಒಬ್ಬ ನನ್ನ ಹತ್ತಿರವೇ ಅದನ್ನು ಇನ್ನೊಂದು ರೀತಿಯಲ್ಲಿ ಹೇಳಿದ್ದ. “ನಮ್ಗೆ ಬರ್ದಿಲ್ಲ ಮೇಷ್ಟ್ರೇ.” ಬ್ರಹ್ಮ ಹಣೆಯಲ್ಲಿ ಬರೆದಿಲ್ಲ ಅಂತ ಅವನ ಮಾತಿನ ಅರ್ಥ. ಬ್ರಹ್ಮ ಬರೆದದ್ದನ್ನು ನಾನು ಓದಿಲ್ಲ. ನಾನು ಬರೆದದ್ದು ಗೊತ್ತು. ಪ್ರಗತಿ ಪತ್ರದ ಷರಾ ಅನ್ನುವ ಜಾಗದಲ್ಲಿ, ಕೆಂಪು ಶಾಯಿಯಲ್ಲಿ, ‘ಗಣಿತದಲ್ಲಿ ಆಸಕ್ತಿ ಇಲ್ಲ’ ಎಂದು.

ಆ ಷರಾ ಬರೆಸಿಕೊಂಡ ಹುಡುಗಿ ಆಗ ನಾಲ್ಕನೇ ಕ್ಲಾಸು. 1997ರ ಸುಲಿಗೆ ಸಮಯ. ಅಳತೆ ಪಾಠದ ಮೇಲೆ ಕಿರುಪರೀಕ್ಷೆ ಕೊಟ್ಟಿದ್ದೆ, ಅವಳಿಗೆ ಇಪ್ಪತ್ತಕ್ಕೆ ಮೂರು ಬಂದಿತ್ತು. ಖಾಲಿ ಬಿಟ್ಟ ಉತ್ತರಗಳೇ ಹೆಚ್ಚು. ಅದಾದ ನಾಲ್ಕಾರು ದಿನಕ್ಕೆ ನಮ್ಮ ಮನೆಯ ಜಗಲಿಯಲ್ಲಿ ರಾತ್ರಿ ಸುಲಿಗೆ ನಡೆದಿತ್ತು. ನಲವತ್ತು ಕ್ಯಾಂಡಲ್ಲಿನ ಬಲ್ಬು, ಗೋಡೆಯ ಮೇಲೆ ನಾರಾಯಣ ಗುರುಗಳ ಫೋಟೋ, ಕೆಳಗೆ ಹತ್ತು ಹನ್ನೆರಡು ಹೆಂಗಸರು ಮೆಟ್ಟುಕತ್ತಿ ಮೆಟ್ಟಿಕೊಂಡು ಕೂತಿದ್ದಾರೆ. ಹಸಿ ಅಡಿಕೆ ಸುಲಿಯುವ ಸದ್ದು ಒಂದು ತರಹದ್ದು, ಚರ್ ಚರ್ ಅಂತ, ಕೇಳುತ್ತ ಕೇಳುತ್ತ ನಿದ್ದೆ ಬರಬೇಕು. ಮಕ್ಕಳು ಸಿಪ್ಪೆಯ ರಾಶಿಯ ಮೇಲೆ ಮಲಗಿದ್ದವು. ಒಬ್ಬಳು ಮಾತ್ರ ಎದ್ದಿದ್ದಳು. ಅವ್ವ ಸುಲಿದದ್ದನ್ನು ಸಿಬ್ಬಲಿನಲ್ಲಿ ತುಂಬಿ ತುಂಬಿ ಡಬ್ಬಕ್ಕೆ ಹಾಕುವ ಕೆಲಸ ಅವಳದು.

ಕೂಲಿ ಲೆಕ್ಕ ಡಬ್ಬದ ಮೇಲೆ. ಹದಿನೈದು ಕೆಜಿ ಎಣ್ಣೆ ಬರುವ ಚೌಕದ ತಗಡಿನ ಡಬ್ಬ. ನಾನು ಬಾಗಿಲ ಹಿಂದೆ ಕುರ್ಚಿಯಲ್ಲಿ ಕೂತು ಪೇಪರು ತಿದ್ದುತ್ತಿದ್ದೆ. ಅವಳು ಪಿಸುದನಿಯಲ್ಲಿ ಹೇಳಿದ್ದು ಕೇಳಿಸಿತು.

“ಅವ್ವಾ, ಇವ್ರ ಡಬ್ಬ ದೊಡ್ಡದು. ಮೇಲ್ಮನೇರ ಡಬ್ಬಕ್ಕೆ ಹನ್ನೊಂದು ಸಿಬ್ಲು ಹಿಡೀತದೆ. ಇದಕ್ಕೆ ಹನ್ನೆರಡೂವರೆ. ಬುಡ ಇಳ್ದದೆ ನೋಡು.”

“ಸುಮ್ನಿರೇ, ಮೇಷ್ಟ್ರು ಒಳಗದಾರೆ” ಅಂದಳು ಅವ್ವ. ಚಿವುಟಿರಬೇಕು. ಹುಡುಗಿ ಸ್ ಅಂದದ್ದೂ ಕೇಳಿಸಿತು.

ಎಲ್ಲರೂ ಹೋದ ಮೇಲೆ ಡಬ್ಬ ಮಗುಚಿ ನೋಡಿದೆ. ಬುಡದ ತಗಡು ಹೊಟ್ಟೆಯ ಹಾಗೆ ಕೆಳಗೆ ಉಬ್ಬಿತ್ತು, ಎರಡು ಮಗ್ಗುಲೂ ಒಳಗಿನಿಂದ ಗುದ್ದಿದ ಹಾಗಿದ್ದವು. ತಾನಾಗಿ ಆದದ್ದಲ್ಲ. ಕಾಗದದಲ್ಲಿ ಲೆಕ್ಕ ಹಾಕಿದೆ. ಎಂಟು ಡಬ್ಬ ಸುಲಿದರೆ ಒಂಬತ್ತು ಡಬ್ಬದ ಅಡಿಕೆ. ಒಂದು ನಮಗೆ ಬಿಟ್ಟಿ. ಲಾಭ! ಭಾವಮೈದುನನನ್ನು ಕೇಳಿದರೆ ನಕ್ಕುಬಿಟ್ಟ. “ಎಲ್ರ ಮನೆ ಡಬ್ಬಾನೂ ಹಂಗೇ ಭಾವ. ಮೇಲ್ಮನೇರದ್ದು ಹೊಸ್ತು, ಇನ್ನೊಂದು ವರ್ಷ ತಡೀರಿ.”

ನಾನು ಏನು ಮಾಡಿದೆ ಅಂದರೆ, ಏನೂ ಮಾಡಲಿಲ್ಲ. ತೋಟ ಅವನದು, ನಾನು ಮನೆಯಳಿಯ ಅಂತ ನನಗೆ ನಾನೇ ಹೇಳಿಕೊಂಡೆ. ಆ ವರ್ಷದ ಸುಲಿಗೆ ಅದೇ ಡಬ್ಬದಲ್ಲಿ ಮುಗಿಯಿತು. ಪ್ರಗತಿ ಪತ್ರದ ಷರಾವನ್ನೂ ತಿದ್ದಲಿಲ್ಲ. ಹನ್ನೊಂದಕ್ಕೆ ಹನ್ನೆರಡೂವರೆ ಅನ್ನುವ ಪ್ರಮಾಣವನ್ನು ಸಿಬ್ಬಲಿನಲ್ಲೇ ಹಿಡಿದ ಹುಡುಗಿಗೆ, ಒಂದು ಲೀಟರಿಗೆ ಎಷ್ಟು ಮಿಲಿಲೀಟರು ಅಂತ ಬರೆಯದೆ ಇದ್ದದ್ದಕ್ಕೆ ಇಪ್ಪತ್ತಕ್ಕೆ ಮೂರೇ ಇರಲಿ ಅಂತ ಬಿಟ್ಟೆ. ನಾನು ಕಾಗೋಡಿಗೆ ಹೋದವನ ಮೊಮ್ಮಗ.

ನಿವೃತ್ತಿಯಾದ ಮೇಲೆ ಬೇರೆ ಕೆಲಸವಿಲ್ಲದೆ ವೇದಾಂತ ಓದಲು ಹಿಡಿದೆ. ಶೃಂಗೇರಿ ನಮಗೆ ದೂರವಲ್ಲ, ಆದರೆ ಮಠಕ್ಕೆ ಹೋಗಿ ಪಾಠ ಕೇಳುವ ಧೈರ್ಯ ಬರಲಿಲ್ಲ. ಹೊಳೆನರಸೀಪುರದ ಅಧ್ಯಾತ್ಮಪ್ರಕಾಶ ಕಾರ್ಯಾಲಯದವರು ಶಂಕರರ ಬ್ರಹ್ಮಸೂತ್ರಭಾಷ್ಯವನ್ನು ಕನ್ನಡಕ್ಕೆ ತಂದಿದ್ದಾರೆ. ಪಕ್ಕದ ಊರಿನ ಭಟ್ಟರೊಬ್ಬರು ತರಿಸಿಕೊಟ್ಟರು, ಅರ್ಥವಾಗದಿದ್ದಲ್ಲಿ ಕೇಳಿದರೆ ಬೇಸರಿಸದೆ ಹೇಳಿದರು. ಅದನ್ನು ಓದುವ ಅಧಿಕಾರ ನನಗಿದೆಯೇ ಅಂತ ನಾನೇ ನಗೆಯಾಡಿದ್ದೆ. ಅವರು ನಗಲಿಲ್ಲ. “ಆ ಮಾತು ಮುಂದೆ ಬರುತ್ತೆ, ಓದಿ” ಅಂದರು.

ಕನ್ನಡದಲ್ಲಿ ನಾವು ಅಧಿಕಾರ ಅಂದರೆ ತಹಸೀಲ್ದಾರರ ಕುರ್ಚಿ ಅಂತ ತಿಳಿಯುತ್ತೇವೆ. ಶಾಸ್ತ್ರದಲ್ಲಿ ಅದು ವಿದ್ಯೆಗೆ ಬೇಕಾದ ಯೋಗ್ಯತೆ. ಮೊದಲ ಸೂತ್ರದ ಭಾಷ್ಯದಲ್ಲಿ ಶಂಕರರು ಆ ಯೋಗ್ಯತೆ ಯಾವುದು ಅಂತ ಹೇಳುತ್ತಾರೆ: ನಿತ್ಯ ಯಾವುದು ಅನಿತ್ಯ ಯಾವುದು ಅನ್ನುವ ವಿವೇಕ, ವೈರಾಗ್ಯ, ಶಮದಮಾದಿಗಳು, ಬಿಡುಗಡೆಯ ಹಂಬಲ. ನಾಲ್ಕೂ ಒಳಗಿನವು. ಯಾರ ಮನೆಯಲ್ಲಿ ಹುಟ್ಟಿದೆ ಅನ್ನುವ ಪ್ರಶ್ನೆ ಅಲ್ಲಿಲ್ಲ. ಅದನ್ನು ಓದಿದ ರಾತ್ರಿ ನನಗೆ ಬಹಳ ಸಂತೋಷವಾಗಿತ್ತು. ಆಮೇಲೆ ಮೊದಲ ಅಧ್ಯಾಯದ ಮೂರನೇ ಪಾದಕ್ಕೆ ಬಂದೆ. ಮೂವತ್ತನಾಲ್ಕರಿಂದ ಮೂವತ್ತೆಂಟು, ಐದು ಸೂತ್ರ. ಅಪಶೂದ್ರಾಧಿಕರಣ ಅಂತ ಹೆಸರು. ಶೂದ್ರನಿಗೆ ವೇದವಿದ್ಯೆಯಲ್ಲಿ ಅಧಿಕಾರವಿಲ್ಲ ಅನ್ನುವುದಕ್ಕೆ ಅಲ್ಲಿ ವಾದಗಳಿವೆ. ಒಂದು ವಾದ ಹೀಗೆ: ವಿದ್ಯೆಗೆ ಉಪನಯನ ಸಂಸ್ಕಾರ ಬೇಕು, ಶೂದ್ರನಿಗೆ ಆ ಸಂಸ್ಕಾರವಿಲ್ಲ, ಆದ್ದರಿಂದ ವಿದ್ಯೆಯಿಲ್ಲ. ಸಂಸ್ಕಾರ ಯಾಕಿಲ್ಲ ಅಂದರೆ ಅವನು ಶೂದ್ರ. ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತೆ. ಶಂಕರರ ಮೇಲೆ ಸಿಟ್ಟು ಬಂದು ಅಂತ ಓದುವವರು ತಿಳಿದುಕೊಂಡಾರು. ಅದಲ್ಲ. ಆ ವಾದದ ದನಿ ನನಗೆ ಪರಿಚಯದ್ದು. ಕ್ಲಸ್ಟರ್ ಮೀಟಿಂಗಿನಲ್ಲಿ ನಾವು ಹೇಳುತ್ತಿದ್ದ ಇನ್ನೊಂದು ಮಾತು ಅದೇ: ‘ಅವ್ರ ಮನೇಲಿ ಸಂಸ್ಕಾರ ಇಲ್ಲ.’ ಶಬ್ದ ಕೂಡ ಬೇರೆಯಲ್ಲ. ಎಲ್‌ಕೆಜಿ, ಯುಕೆಜಿ ಮುಗಿಸಿ, ಮನೆಯಲ್ಲಿ ಅಪ್ಪ ಅಮ್ಮ ಕೂರಿಸಿ ಬರೆಸಿದ ಮಗು ಒಂದನೇ ಕ್ಲಾಸಿಗೆ ಬರುವಾಗಲೇ ಉಪನಯನವಾದ ವಟು. ನಮ್ಮ ಶಾಲೆಯ ಪರೀಕ್ಷೆ ಅವನನ್ನು ಅಳೆಯಲು ಮಾಡಿದ್ದು.

ಸತ್ಯಕಾಮ ಜಾಬಾಲನ ಕತೆಯನ್ನು ನಾನು ವರ್ಷ ವರ್ಷ ಮಕ್ಕಳಿಗೆ ಹೇಳಿದ್ದೇನೆ. ಅಪ್ಪ ಯಾರೆಂದು ಗೊತ್ತಿಲ್ಲ ಅಂತ ನಿಜ ಹೇಳಿದ ಹುಡುಗನನ್ನು ಗೌತಮ ಋಷಿ ಶಿಷ್ಯನಾಗಿ ತೆಗೆದುಕೊಂಡರು, ನೋಡಿ, ಆಗಲೂ ಜಾತಿ ಕೇಳಲಿಲ್ಲ ಅಂತ ಎದೆಯುಬ್ಬಿಸಿ ಹೇಳುತ್ತಿದ್ದೆ. ಸೂತ್ರಕಾರರು ಅದೇ ಕತೆಯನ್ನು ತಿರುಗಿಸಿ ಇಟ್ಟಿದ್ದಾರೆ. ಬ್ರಾಹ್ಮಣನಲ್ಲದವನು ಹೀಗೆ ನಿಜ ಹೇಳಲಾರ ಅಂದರಲ್ಲ ಗೌತಮರು? ಅಂದರೆ ಶೂದ್ರನಲ್ಲ ಅಂತ ಖಾತ್ರಿಯಾದ ಮೇಲೇ ಉಪನಯನ ಮಾಡಿದರು. ಹುಡುಗನ ಸತ್ಯ ಅವನ ಸ್ವಂತದ್ದಾಗಲಿಲ್ಲ, ಹುಟ್ಟಿನ ಸಾಕ್ಷಿಯಾಯಿತು. ಛಾಂದೋಗ್ಯದಲ್ಲಿ ಕತೆ ಅಲ್ಲಿಗೆ ನಿಲ್ಲುವುದಿಲ್ಲ ಅನ್ನುವುದು ಬೇರೆ ಮಾತು. ಗೌತಮರು ಅವನಿಗೆ ನಾನೂರು ಬಡಕಲು ದನ ಒಪ್ಪಿಸಿ ಕಾಡಿಗೆ ಕಳಿಸುತ್ತಾರೆ. ಸಾವಿರವಾದ ಮೇಲೆ ಬರುತ್ತೇನೆ ಅಂತ ಹೋಗುತ್ತಾನೆ. ಅಲ್ಲಿ ಅವನಿಗೆ ಪಾಠ ಹೇಳಿದ್ದು ಒಂದು ಗೂಳಿ, ಬೆಂಕಿ, ಹಂಸ, ಒಂದು ನೀರುಹಕ್ಕಿ. ನನ್ನ ಹಾಜರಿ ಪುಸ್ತಕದಲ್ಲಾದರೆ ಅಷ್ಟೂ ವರ್ಷ ಗೈರುಹಾಜರಿ ಬಿದ್ದು, ‘ಶಾಲೆ ಬಿಟ್ಟ ಮಗು’ ಅಂತ ಮೇಲಿನವರಿಗೆ ವರದಿ ಹೋಗುತ್ತಿತ್ತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಇನ್ನೊಂದು. ವಿದುರನಿಗೆ, ಧರ್ಮವ್ಯಾಧನಿಗೆ ಜ್ಞಾನವಿತ್ತಲ್ಲ, ಅವರನ್ನೇನು ಮಾಡೋಣ? ಈ ಪ್ರಶ್ನೆಯನ್ನು ಶಂಕರರು ಮರೆಮಾಚುವುದಿಲ್ಲ, ತಾವೇ ಎತ್ತುತ್ತಾರೆ. ಹಿಂದಿನ ಜನ್ಮದ ಸಂಸ್ಕಾರದಿಂದ ಅವರಿಗೆ ಜ್ಞಾನ ಬಂತು, ಬಂದ ಜ್ಞಾನ ಫಲ ಕೊಡುವುದನ್ನು ಯಾರೂ ತಡೆಯಲಾಗದು ಅನ್ನುತ್ತಾರೆ. ಇತಿಹಾಸ ಪುರಾಣಗಳನ್ನು ಕೇಳಲು ನಾಲ್ಕೂ ವರ್ಣದವರಿಗೆ ಅಧಿಕಾರವಿದೆ ಅಂತಲೂ ಸೇರಿಸುತ್ತಾರೆ. ಜ್ಞಾನಕ್ಕೆ ತಡೆಯಿಲ್ಲ ಅಂದದ್ದು ದೊಡ್ಡ ಮಾತು, ಅದನ್ನು ಅವರಿಗೆ ಸಲ್ಲಿಸಲೇಬೇಕು. ಆದರೂ ಆ ಉತ್ತರದ ಒಳಗಿನ ಯುಕ್ತಿ ನೋಡಿ. ಕೆಳಗಿನವನು ಕಲಿಯದಿದ್ದರೆ ಅದು ಅವನ ಹುಟ್ಟು. ಕಲಿತರೆ ಅದು ಅವನ ಹಿಂದಿನ ಹುಟ್ಟು. ಎರಡೂ ಕಡೆ ನಿಯಮ ಮುರಿಯುವುದಿಲ್ಲ. ಡಬ್ಬವನ್ನು ಮಗುಚಿ ನೋಡುವ ಪ್ರಸಂಗವೇ ಬರುವುದಿಲ್ಲ.

ಸೋತ ಮಕ್ಕಳ ಬಗ್ಗೆ ನಾವು ಬೇಕಾದಷ್ಟು ಮಾತಾಡುತ್ತೇವೆ, ಕಮಿಷನ್ನು ಮಾಡುತ್ತೇವೆ. ಗೆದ್ದ ಮಗುವಿನ ಬಗ್ಗೆ ನಾವು ಆಡುವ ಮಾತನ್ನು ಯಾರೂ ಕಿವಿಗೊಟ್ಟು ಕೇಳಿಲ್ಲ. ಆ ಹುಡುಗಿ ನಾಲ್ಕನೇ ಕ್ಲಾಸಾದ ಮೇಲೆ ಸರ್ಕಾರದ ಆಶ್ರಮ ಶಾಲೆಗೆ ಹೋದಳು, ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿದಳು, ನರ್ಸಿಂಗ್ ಮಾಡಿ ಈಗ ಶಿವಮೊಗ್ಗದಲ್ಲಿದ್ದಾಳೆ. ಊರಲ್ಲಿ ಎಲ್ಲರಿಗೂ ಅವಳ ಮೇಲೆ ಅಭಿಮಾನ. ಅದನ್ನು ಹೇಳುವ ರೀತಿ ಇದು: “ನೋಡಿದ್ರೆ ಹಸಲರ ಹುಡ್ಗಿ ಅಂತ ಹೇಳೂಕೇ ಆಗಲ್ಲ.” ನನ್ನ ಹೆಂಡತಿಯೂ ಹಾಗೇ ಹೇಳುತ್ತಾಳೆ. ಹೊಗಳಿಕೆ ಅಂತಲೇ ಹೇಳುತ್ತಾಳೆ. ಪೂರ್ವಜನ್ಮದ ಪುಣ್ಯ ಅಂದವರೂ ಇದ್ದಾರೆ, ಭಾಷ್ಯ ಓದದೆಯೇ! ಗೆದ್ದ ಕೂಡಲೇ ಅವಳನ್ನು ಅವಳ ಕೇರಿಯಿಂದ ಕಿತ್ತುಕೊಂಡೆವು. ಕೇರಿ ಹಾಗೇ ಉಳಿಯಿತು, ನಮ್ಮ ಮಾತೂ ಹಾಗೇ ಉಳಿಯಿತು. ಅವಳ ಅಣ್ಣ ಐದನೇ ಕ್ಲಾಸಿಗೆ ಬಿಟ್ಟವನು ಕೊನೆ ತೆಗೆಯಲು ಬರುತ್ತಾನೆ. ದೋಟಿಯಲ್ಲಿ ಎಪ್ಪತ್ತು ಅಡಿ ಮೇಲಿನ ಕೊನೆಯನ್ನು ಗಾಳಿಯ ಲೆಕ್ಕ ಹಾಕಿ ಎಳೆಯುತ್ತಾನೆ. ಅವನನ್ನು ಜಾಣ ಅಂತ ಯಾರೂ ಅಂದದ್ದು ಕೇಳಿಲ್ಲ, ಒಳ್ಳೇ ಕೆಲಸಗಾರ ಅನ್ನುತ್ತಾರೆ.

ಆಶ್ರಮ ಶಾಲೆಗಳಿಗೆ ಈಗ ವಾಲ್ಮೀಕಿಯ ಹೆಸರು. ಬೇಡನೊಬ್ಬ ಕವಿಯಾದ ಅಂತ ಇಟ್ಟಿದ್ದಾರೆ, ಒಳ್ಳೆಯದೇ. ಅದೇ ವಾಲ್ಮೀಕಿಯ ಹೆಸರಿನ ಉತ್ತರಕಾಂಡದಲ್ಲಿ ತಪಸ್ಸು ಮಾಡಿದ ತಪ್ಪಿಗೆ ಶಂಬೂಕನ ತಲೆ ಹೋಗುತ್ತದೆ. ನಮ್ಮ ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅದನ್ನು ಸಹಿಸದೆ 1944ರಲ್ಲಿ ‘ಶೂದ್ರ ತಪಸ್ವಿ’ ಬರೆದರು. ಅಲ್ಲಿ ರಾಮ ಬಿಟ್ಟ ಅಸ್ತ್ರ ಶಂಬೂಕನನ್ನು ಬಿಟ್ಟು ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಬರುತ್ತದೆ, ಕೊನೆಗೆ ಅವನು ತಪಸ್ವಿಗೆ ತಲೆಬಾಗುತ್ತಾನೆ. ಪುರಾಣದ ಕತೆ ತಿದ್ದಬಾರದು ಅಂತ ಮಾಸ್ತಿಯವರು ತಕರಾರು ಎತ್ತಿದ್ದರು. ನನ್ನ ತಕರಾರು ಬೇರೆ. ಅಸ್ತ್ರ ಅಂದರೆ ಕಾಣುತ್ತದೆ, ತಿರುಗಿ ಬಂದರೆ ಗೊತ್ತಾಗುತ್ತದೆ. ಕೆಂಪು ಶಾಯಿ ಹಾಗೆ ತಿರುಗಿ ಬರುವುದಿಲ್ಲ. ಆ ನಾಟಕವನ್ನು ಓದಿ ಕಣ್ಣೀರು ಹಾಕಿದವನು ನಾನು, ಹಾಕುವಾಗ ಶಂಬೂಕ ನಾನೇ ಅಂತ ತಿಳಿದಿದ್ದೆ. ಬ್ರಾಹ್ಮಣನ ಪಾರ್ಟು ನನಗೂ ಬರಬಹುದು ಅಂತ ಹೊಳೆಯಲಿಲ್ಲ.

ಹೋದ ಮಾಘದಲ್ಲಿ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಅಣ್ಣನ ಮಗನನ್ನು ತನ್ನ ಜೊತೆ ಶಿವಮೊಗ್ಗಕ್ಕೆ ಕರೆದುಕೊಂಡು ಹೊರಟಿದ್ದಳು, ಅಲ್ಲೇ ಶಾಲೆಗೆ ಹಾಕುತ್ತಾಳಂತೆ. “ಅಣ್ಣಂಗೆ ತಲೆಗೆ ಹತ್ಲಿಲ್ಲ ಮೇಷ್ಟ್ರೇ, ಇವನಾದ್ರೂ ಓದ್ಲಿ” ಅಂದಳು. ನಮ್ಮ ಮಾತು ಅವಳ ಬಾಯಲ್ಲಿ ಎಷ್ಟು ಸಲೀಸಾಗಿ ಬಂತೆಂದರೆ ನನಗೆ ಮೈ ಬೆವರಿತು. ಅಡಿಕೆ ಸುಲಿಯಲು ಈಗ ಮೆಷಿನ್ನು ಬಂದಿದೆ, ಕೆಜಿ ಲೆಕ್ಕ, ತಕ್ಕಡಿ ಕೂಡ ಕರೆಂಟಿನದು. ಡಬ್ಬ ನಮ್ಮ ಅಟ್ಟದ ಮೇಲಿದೆ. ಅಲ್ಲೇ ಬೆಂಚಿನ ಮೇಲೆ ಕೂತು, ಇಪ್ಪತ್ತೇಳು ವರ್ಷ ಹೇಳದೆ ಇದ್ದದ್ದನ್ನು ಹೇಳಿದೆ. ಹನ್ನೊಂದು, ಹನ್ನೆರಡೂವರೆ, ಬುಡ ಉಬ್ಬಿದ್ದು, ನಾನು ಬಾಗಿಲ ಹಿಂದೆ ಇದ್ದದ್ದು, ಎಲ್ಲ.

ಅವಳು ನಕ್ಕಳು. “ನಾನು ಹಂಗಂದಿದ್ನಾ? ನೆನಪೇ ಇಲ್ಲ ಮೇಷ್ಟ್ರೇ. ಎಲ್ರ ಮನೇಲೂ ಹಂಗೇ ಇತ್ತಲ್ಲ.” ಹುಡುಗನಿಗೆ ಬಿಸ್ಕತ್ತಿನ ಪೊಟ್ಟಣ ಒಡೆದುಕೊಟ್ಟಳು. ಆಮೇಲೆ, ಬೇರೆ ಏನೋ ನೆನಪಾದ ಹಾಗೆ, “ನಂಗೆ ನೆನಪಿರೋದು ಒಂದೇ. ನಾಲ್ಕು ವರ್ಷದಲ್ಲಿ ಒಂದ್ಸಲಾನೂ ನೀವು ನಮ್ಮನ್ನ ಬೋರ್ಡಿನ ಹತ್ರ ಕರೀಲಿಲ್ಲ. ಬಾಕಿಯೋರ್ನೆಲ್ಲ ಕರೆದು ಸೀಮೆಸುಣ್ಣ ಕೊಡ್ತಿದ್ರಿ. ಒಂದ್ಸಲ ಬರೀಬೇಕು ಅಂತ ಬಾಳ ಆಸೆ ಇತ್ತು” ಅಂದಳು. ದೂರಿನ ದನಿ ಅಲ್ಲ. ಸುಮ್ಮನೆ ಹೇಳಿದಳು.

ಮನೆಗೆ ಬಂದವನು ಅವತ್ತಿನಿಂದ ಅದನ್ನೇ ನೆನಪು ಮಾಡಿಕೊಳ್ಳುತ್ತಿದ್ದೇನೆ. ಆ ಕೋಣೆ ಕಣ್ಣಿಗೆ ಕಟ್ಟಿದ ಹಾಗಿದೆ. ಸೋರುವ ಹೆಂಚು, ಕಿಟಕಿಯ ಪಕ್ಕ ಮಳೆಗಾಲ ಇಡೀ ಒಣಗದ ಕಂಬಳಿಕೊಪ್ಪೆಗಳು, ಎಡಗಡೆ ಮೂಲೆ ಸುಲಿದ ಕರಿಹಲಗೆ. ಅದರ ಮುಂದೆ ನಿಂತು ಬರೆದ ಮಕ್ಕಳ ಹೆಸರು ಒಂದೊಂದಾಗಿ ಹೇಳಬಲ್ಲೆ, ಯಾರ ಅಕ್ಷರ ಹೇಗಿತ್ತು ಅಂತಲೂ. ಆ ಸಾಲಿನಲ್ಲಿ ಅವಳೂ ಇಲ್ಲ, ಅವಳ ಕೇರಿಯ ಬೇರೆ ಯಾವ ಮಗುವೂ ಇಲ್ಲ.